ಹಿತ್ತಲಲ್ಲಿ ಎರಡು ಕೋಣೆ ಕಟ್ಟಲು ಎಷ್ಟು ಸಲ ಪಂಚಾಯ್ತಿ ಮೆಟ್ಟಿಲು ಹತ್ತಬೇಕು?

ನಮ್ಮ ಕಡೆ ಹಳ್ಳಿಗಳಲ್ಲಿ ಹೊಸ ಮನೆಗಳು ಈಗ ಬೀದಿಗಿಂತ ಹಿತ್ತಲಲ್ಲೇ ಹೆಚ್ಚು ಏಳುತ್ತಿವೆ. ಮುಂದೆ ಅಪ್ಪನ ಕಾಲದ ಹೆಂಚಿನ ಮನೆ. ಪಕ್ಕದಲ್ಲಿ ಒಬ್ಬರು ಹೋಗುವಷ್ಟು ಓಣಿ. ಒಳಗೆ ಹೋದರೆ ಕೊಟ್ಟಿಗೆ ಇದ್ದ ಜಾಗದಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ದನ ಮಾರಿದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು, ತಮ್ಮನ ಮದುವೆ ಆಯಿತು, ಅಲ್ಲೇ ಪಾಯ ತೆಗೆದರು. ಎಷ್ಟೋ ಮನೆಗಳ ಕತೆ ಇಷ್ಟೇ.

ಇದರಲ್ಲಿ ತಪ್ಪು ಹುಡುಕುವುದಕ್ಕೆ ನಾವು ಬರೆಯುತ್ತಿಲ್ಲ. ಊರಾಚೆ ಸೈಟು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹೊಲದಲ್ಲಿ ಕಟ್ಟಿದರೆ ರಸ್ತೆ, ನೀರು, ಕರೆಂಟು ಎಲ್ಲಕ್ಕೂ ಹೊಸ ಓಡಾಟ. ಹಿತ್ತಲಲ್ಲಾದರೆ ನಲ್ಲಿ ಇದೆ, ಚರಂಡಿ ಇದೆ, ಕೂಸು ನೋಡಿಕೊಳ್ಳಲು ಅಜ್ಜಿ ಇದ್ದಾಳೆ. ಅಣ್ಣತಮ್ಮಂದಿರು ಜಗಳ ಆಡದೆ ಬೇರೆಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾವಂತೂ ಕಂಡಿಲ್ಲ. ಒಲೆ ಎರಡು, ಅಂಗಳ ಒಂದು.

ಆದರೆ ಈ ಮನೆಗಳಲ್ಲಿ ಬಹುಪಾಲು ಮನೆಗಳಿಗೆ ಕಾಗದ ಇಲ್ಲ. ಕಟ್ಟುವ ಮೊದಲು ಪಂಚಾಯ್ತಿಯ ಅನುಮತಿ ಇಲ್ಲ, ಕಟ್ಟಿದ ಮೇಲೆ ಮನೆ ನಂಬರ್ ಇಲ್ಲ. ಕೇಳಿದರೆ, "ನಮ್ಮ ಜಾಗ, ನಮ್ಮ ಹಿತ್ತಲು, ಯಾರನ್ನು ಕೇಳಬೇಕು?" ಅನ್ನುತ್ತಾರೆ. ಪಂಚಾಯ್ತಿಯವರನ್ನು ಕೇಳಿದರೆ, "ಮೊದಲು ಕಟ್ಟಿಕೊಳ್ಳಿ, ಆಮೇಲೆ ನೋಡೋಣ" ಅನ್ನುತ್ತಾರೆ. ಎರಡೂ ಮಾತು ಕೇಳಲು ಹಿತ. ಕೊನೆಗೆ ಎರಡರ ಬೆಲೆಯನ್ನೂ ಕೊಡುವವರು ಹಿತ್ತಲ ಮನೆಯಲ್ಲಿ ಇರುವವರು.

ಹಿತ್ತಲ ಮನೆಗೆ ಅನುಮತಿ ಕೇಳುವುದು ನಮ್ಮ ಹಕ್ಕು, ಅದಕ್ಕೆ ದಿನದ ಲೆಕ್ಕದಲ್ಲಿ ಉತ್ತರ ಕೊಡುವುದು ಪಂಚಾಯ್ತಿಯ ಕರ್ತವ್ಯ ಅಂತ ನಾವು ನಂಬಿದ್ದೇವೆ. ಈಗ ಕರ್ತವ್ಯವನ್ನು ಉಪಕಾರ ಮಾಡಿಬಿಟ್ಟಿದ್ದಾರೆ. ಉಪಕಾರಕ್ಕೆ ಗಡುವು ಇರುವುದಿಲ್ಲವಲ್ಲ.

ಕಾನೂನಿನಲ್ಲಿ 60 ದಿನ ಇದೆ

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಮನೆ ಕಟ್ಟುವ ವಿಷಯದ್ದು. ಗ್ರಾಮ ಪಂಚಾಯ್ತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವುದಕ್ಕೆ ಸೇರಿಸುವಂತಿಲ್ಲ, ಬದಲಿಸುವಂತಿಲ್ಲ ಅನ್ನುತ್ತದೆ. ಮುಂದಿನ ಮನೆ, ಹಿಂದಿನ ಮನೆ ಅಂತ ಭೇದ ಮಾಡುವುದಿಲ್ಲ. ಗ್ರಾಮಠಾಣಾ ಒಳಗೆ ಇದ್ದರೆ ಅನುಮತಿ ಬೇಡ ಅಂತ ಬಹಳ ಜನ ನಂಬಿದ್ದಾರೆ. ಆ ಮಾತು ಎಲ್ಲಿಂದ ಬಂತೋ, ಕಾಯ್ದೆಯಲ್ಲಂತೂ ಇಲ್ಲ.

ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಅದನ್ನು ಪಂಚಾಯ್ತಿಯ ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು. ಅರ್ಜಿ ಬಂದ ದಿನದಿಂದ 60 ದಿನದೊಳಗೆ ಕೊಡುತ್ತೇವೆ ಅಥವಾ ಕೊಡುವುದಿಲ್ಲ ಅಂತ ಪಂಚಾಯ್ತಿ ತೀರ್ಮಾನಿಸಿ ಅರ್ಜಿದಾರರಿಗೆ ತಿಳಿಸಬೇಕು. ತಿಳಿಸದಿದ್ದರೆ, ಇಲ್ಲವೇ ತಿರಸ್ಕರಿಸಿದರೆ, ತಾಲ್ಲೂಕು ಪಂಚಾಯ್ತಿ ಮಟ್ಟದಲ್ಲಿ ಮೇಲ್ಮನವಿ ಹಾಕುವ ದಾರಿ ಇದೆ. ಪಂಚಾಯ್ತಿಯ ಮೌನವನ್ನೇ ಅನುಮತಿ ಅಂತ ಎಣಿಸಿ ಪಾಯ ತೆಗೆಯಬೇಡಿ. 60 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಮೇಲ್ಮನವಿ ಹಾಕುವುದು ಕ್ಷೇಮ.

ಇಷ್ಟು ಸ್ಪಷ್ಟವಾದ ಗಡುವು ಇದ್ದೂ ವರ್ಷಗಟ್ಟಲೆ ಯಾಕೆ ಎಳೆಯುತ್ತದೆ? ನಮಗೆ ಕಂಡ ಕಾರಣ ತೀರಾ ಚಿಕ್ಕದು. ಗಡಿಯಾರ ಶುರುವಾಗುವುದೇ ಇಲ್ಲ. 60 ದಿನ ಎಣಿಸಬೇಕಾದ್ದು ಅರ್ಜಿ ತಲುಪಿದ ದಿನದಿಂದ. ಅರ್ಜಿ ತಲುಪಿತು ಅನ್ನುವುದಕ್ಕೆ ಮುದ್ರೆ ಒತ್ತಿದ ಸ್ವೀಕೃತಿ ಬೇಕು. ನಮ್ಮ ಜನ ಅರ್ಜಿ ಕೊಡುವುದಿಲ್ಲ, ಹೇಳಿ ಬರುತ್ತಾರೆ. ಮೆಂಬರ್ ಕಿವಿಗೆ ಹಾಕುತ್ತಾರೆ, ಪಿಡಿಓ ಮೇಡಂ ಸಿಕ್ಕಾಗ ಕೈ ಮುಗಿದು ನೆನಪಿಸುತ್ತಾರೆ, ಬಿಲ್ ಕಲೆಕ್ಟರ್ ಹತ್ತಿರ ಒಂದು ಜೆರಾಕ್ಸ್ ಬಿಟ್ಟು ಬರುತ್ತಾರೆ. ಆರು ತಿಂಗಳಾದ ಮೇಲೆ, "ನಿಮ್ಮ ಅರ್ಜಿಯೇ ಇಲ್ಲವಲ್ಲ" ಅಂದರೆ ತೋರಿಸಲು ಕೈಯಲ್ಲಿ ಏನೂ ಇಲ್ಲ.

ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡದ ಕಚೇರಿಗಳೂ ಇವೆ. "ಎಲ್ಲ ದಾಖಲೆ ತನ್ನಿ, ಆಮೇಲೆ ಸೀಲ್ ಹಾಕಿ ಕೊಡುತ್ತೇವೆ" ಅನ್ನುತ್ತಾರೆ. ದಾಖಲೆ ತಂದರೆ ಇನ್ನೊಂದು ದಾಖಲೆ. ಏನು ಕಡಿಮೆ ಇದೆ ಅಂತ ಬರೆದು ಕೊಡಿ ಅಂದರೆ ಮುಖ ಬಿಗಿಯುತ್ತದೆ. ಇಲ್ಲಿ ನಾವು ಸ್ವಲ್ಪ ಗಟ್ಟಿಯಾಗಬೇಕು. ಕಟ್ಟಡ ಪರವಾನಗಿ ಸಕಾಲ ಸೇವೆಗಳ ಪಟ್ಟಿಯಲ್ಲಿದೆ. ಸಕಾಲದಲ್ಲಿ ಅರ್ಜಿ ಹಾಕಿದರೆ 15 ಅಂಕಿಯ ಜಿಎಸ್‌ಸಿ ನಂಬರ್ ಕೊಡಬೇಕು. ಆ ನಂಬರ್ ಸಿಕ್ಕಿದರೆ ಗಡಿಯಾರ ಶುರುವಾಯಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು ಅಂತಲೂ ಸಕಾಲ ಕಾಯ್ದೆ ಹೇಳುತ್ತದೆ. 20 ರೂಪಾಯಿಗೆ ಇವತ್ತು ಎರಡು ಚಹಾ ಬರಬಹುದು, ಅದು ಬೇರೆ ಮಾತು. ಆದರೆ ಆ ದುಡ್ಡು ತಡ ಮಾಡಿದ ನೌಕರರ ಹೆಸರಿಗೆ ಬೀಳುತ್ತದೆ ಅನ್ನುವುದೇ ಅದರ ಬಲ.

ಅದೂ ಆಗದಿದ್ದರೆ ಅರ್ಜಿ ಮತ್ತು ದಾಖಲೆಗಳನ್ನು ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್ ಅಂತಲೇ ಕೇಳಿ. ತಲುಪಿದ ದಿನಾಂಕ ಫೋನಿನಲ್ಲೇ ಕಾಣುತ್ತದೆ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. 60 ದಿನ ಕಳೆದ ಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, "ಇಂತಹ ದಿನ ತಲುಪಿದ ನನ್ನ ಅರ್ಜಿಯ ಮೇಲೆ ಯಾವ ಕ್ರಮ ಆಗಿದೆ, ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಅಂತ ಕೇಳಿ. ಜಗಳ ಬೇಡ, ಕೂಗಾಟ ಬೇಡ. ಎಷ್ಟೋ ಸಲ ಆ ಒಂದು ಹಾಳೆಗೇ ಕಡತ ಕಪಾಟಿನಿಂದ ಹೊರಗೆ ಬರುತ್ತದೆ.

ಹಿತ್ತಲು ಎಲ್ಲಿಗೆ ಮುಗಿಯುತ್ತದೆ?

ಈಗ ಕಷ್ಟದ ವಿಷಯಕ್ಕೆ ಬರೋಣ. ಅನುಮತಿ ಕೇಳುವ ಮೊದಲು ಜಾಗಕ್ಕೆ ಕಾಗದ ಬೇಕು. ಇ-ಸ್ವತ್ತಿನಲ್ಲಿ ಬರುವ ನಮೂನೆ 9 ಮತ್ತು 11ಎ ಇದ್ದರೆ ಒಳ್ಳೆಯದು. 11ಬಿ ಇದ್ದರೆ ಅದು ಬೇರೆ ದಾರಿ. ಗ್ರಾಮಠಾಣಾ ಒಳಗಿನ ಜಾಗ, ಕಾನೂನು ಪ್ರಕಾರ ಭೂಪರಿವರ್ತನೆ ಆದ ಜಾಗ, ಸರ್ಕಾರ ಕೊಟ್ಟ ನಿವೇಶನ, ಇಂಥವಕ್ಕೆ 9 ಮತ್ತು 11ಎ. ಆ ಸಾಲಿಗೆ ಸೇರದ ಆಸ್ತಿಗಳು 11ಬಿಯಲ್ಲಿ. 11ಬಿ ಇದೆ ಅಂದರೆ ನೀವು ತೆರಿಗೆ ಕಟ್ಟುವವರ ಪಟ್ಟಿಯಲ್ಲಿ ಇದ್ದೀರಿ ಅಂತ. ಕಟ್ಟಲು ಅನುಮತಿ ಸಿಕ್ಕಂತಲ್ಲ. ಇವೆರಡನ್ನೂ ಒಂದೇ ಅಂತ ನಂಬಿಸಿ ದುಡ್ಡು ತೆಗೆದುಕೊಳ್ಳುವ ಮಧ್ಯವರ್ತಿಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಹುಷಾರು.

ಗೋಳು ಏನೆಂದರೆ ಹಿತ್ತಲು ಅನ್ನುವ ಜಾಗವೇ ಎರಡು ದೋಣಿಯಲ್ಲಿ ಕಾಲಿಟ್ಟಿರುತ್ತದೆ. ಗ್ರಾಮಠಾಣಾ ಗೆರೆ ಹಾಕಿದ್ದು ಅಜ್ಜಂದಿರ ಕಾಲದಲ್ಲಿ, ಆಗಿನ ಊರು ಎಷ್ಟಿತ್ತೋ ಅಷ್ಟಕ್ಕೆ. ಊರು ಬೆಳೆಯಿತು, ಗೆರೆ ಬೆಳೆಯಲಿಲ್ಲ. ಹಾಗಾಗಿ ನಡುಮನೆ ಗ್ರಾಮಠಾಣಾ ಒಳಗೆ, ಬಚ್ಚಲು ಗೆರೆ ಮೇಲೆ, ಕೊಟ್ಟಿಗೆ ಸರ್ವೆ ನಂಬರಿನ ಕೃಷಿ ಜಮೀನಿನಲ್ಲಿ, ಹೀಗೆ ಮೂರು ಪಾಲಾದ ಮನೆಗಳಿವೆ. ಮೂರು ತಲೆಮಾರು ಒಂದೇ ಬೇಲಿಯೊಳಗೆ ಬದುಕಿದ ಮನೆಯವರಿಗೆ ಈ ಗೆರೆ ಕಂಡೇ ಇಲ್ಲ. ಕಟ್ಟಲು ಹೊರಟ ದಿನ ಕಾಣುತ್ತದೆ. ಮುಂದಿನ ಮನೆಗೆ ನಮೂನೆ 9 ಇದೆ, ಹಿತ್ತಲಿಗೆ ಇಲ್ಲ. ಹಿತ್ತಲಿನ ಪಹಣಿ ಬೇರೆ, ಅದರಲ್ಲಿ ಭೂಪರಿವರ್ತನೆ ಆಗಿಲ್ಲ. ಪಂಚಾಯ್ತಿಯವರು ಕೈ ಚೆಲ್ಲುತ್ತಾರೆ. ಈ ಮಾತಿನಲ್ಲಿ ಅವರದ್ದು ತಪ್ಪಿಲ್ಲ.

ಇನ್ನು ಕೆಲವು ಕಡೆ ಹಿತ್ತಲಿನ ಹಿಂಭಾಗ ಸರ್ಕಾರಿ ಜಾಗ. ಹಿರಿಯರು ಕಳ್ಳಿ ಬೇಲಿ ಸರಿಸುತ್ತಾ ಸರಿಸುತ್ತಾ ಹೋಗಿದ್ದಾರೆ. ಇದನ್ನು ಒಪ್ಪಿಕೊಳ್ಳದೆ ಮಾತು ಮುಂದುವರಿಸುವುದು ಸರಿಯಲ್ಲ. ಸರ್ಕಾರಿ ಜಾಗದಲ್ಲಿ ಹಿಂದೆಯೇ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಸಕ್ರಮದ ಅವಕಾಶ ಇಟ್ಟಿದ್ದಾರೆ. ಅದು ಹಳೆಯ ಮನೆಗೆ, ನಾಳೆ ಕಟ್ಟುವ ಮನೆಗಲ್ಲ. "ಈಗ ಕಟ್ಟಿಬಿಡೋಣ, ಮುಂದೆ ಸಕ್ರಮ ಬರುತ್ತದೆ" ಅನ್ನುವ ಲೆಕ್ಕಾಚಾರ ಜೂಜಾಟ.

ಈ ಗೆರೆಯ ಸಮಸ್ಯೆಗೆ ಒಂದು ಬೆಳಕಿನ ಕಿಂಡಿ ಇದೆ, ಸ್ವಾಮಿತ್ವ ಯೋಜನೆ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಶುರು ಮಾಡಿದ ಈ ಯೋಜನೆಯಲ್ಲಿ ಸರ್ವೆ ಆಫ್ ಇಂಡಿಯಾದವರು ಡ್ರೋನ್ ಹಾರಿಸಿ ಹಳ್ಳಿಯ ವಸತಿ ಪ್ರದೇಶದ ನಕ್ಷೆ ಮಾಡುತ್ತಾರೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಬರುವ ಮೊದಲು ಪ್ರತಿ ಮನೆಯ ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಆ ದಿನ ಮನೆಯಲ್ಲಿ ಇರಬೇಕು. ಹಿತ್ತಲಿನ ಮೂಲೆವರೆಗೂ ಹೋಗಿ, ಪಕ್ಕದವರನ್ನೂ ನಿಲ್ಲಿಸಿಕೊಂಡು, ಗೆರೆ ಎಲ್ಲಿ ಬಿತ್ತು ಅಂತ ನೋಡಬೇಕು. ಎಷ್ಟೋ ಕಡೆ ಆ ದಿನ ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಹೆಂಗಸರನ್ನು ಯಾರೂ ಕೇಳುವುದಿಲ್ಲ. ಹೆಂಗಸರಿಗೆ ಹಿತ್ತಲಿನ ಗಡಿ ಗಂಡಸರಿಗಿಂತ ಚೆನ್ನಾಗಿ ಗೊತ್ತು. ಬೂದಿ ಚೆಲ್ಲುವುದು, ಬಟ್ಟೆ ಒಣಗಿಸುವುದು, ನುಗ್ಗೆ ಕೊಯ್ಯುವುದು ಅವರೇ ತಾನೆ. ನಕ್ಷೆಯ ಕರಡು ಬಂದಾಗ ತಕರಾರು ಹಾಕುವ ಅವಕಾಶವನ್ನೂ ಬಿಡಬೇಡಿ.

ಪಟ್ಟಣದ ಹತ್ತಿರ ಇರುವ ಊರಿನವರು ಇನ್ನೊಂದನ್ನು ವಿಚಾರಿಸಿ. ನಿಮ್ಮ ಊರು ಯಾವುದಾದರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ್ದರೆ ಅಲ್ಲಿನ ನಿಯಮವೂ ನಿಮಗೆ ಅನ್ವಯಿಸುತ್ತದೆ.

ಅಕ್ಕತಂಗಿಯರ ಸಹಿ

ಜಾಗದ ಗೆರೆ ಸರಿಯಿದ್ದರೂ ಹೆಸರು ಸರಿಯಿರುವುದಿಲ್ಲ. ಖಾತೆ ಇನ್ನೂ ತಾತನ ಹೆಸರಲ್ಲಿ. ತಾತ ತೀರಿಕೊಂಡು 20 ವರ್ಷ, ಅಪ್ಪ ತೀರಿಕೊಂಡು 5 ವರ್ಷ. ಪಂಚಾಯ್ತಿ ಅನುಮತಿ ಕೊಡಬೇಕಾದ್ದು ಯಾರ ಹೆಸರಿಗೆ? ಸತ್ತವರ ಹೆಸರಿಗೆ ಕೊಡುವಂತಿಲ್ಲ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಇದಕ್ಕೆ ಆರೇಳು ತಿಂಗಳು ಹೋಗಬಹುದು. ಮನೆ ಕಟ್ಟುವ ಯೋಚನೆ ಇನ್ನೂ ದೂರ ಇದ್ದರೂ ಈ ಕೆಲಸವನ್ನು ಈಗಲೇ ಮಾಡಿಕೊಳ್ಳಿ.

ವಂಶವೃಕ್ಷ ಅಂದ ಕೂಡಲೇ ಮನೆಯಲ್ಲಿ ಗುಸುಗುಸು ಶುರು. ಅಕ್ಕತಂಗಿಯರ ಹೆಸರು ಹಾಕಬೇಕಾ? ಹಾಕಲೇಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಅಂತ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಿತು. ಅಪ್ಪ ಆ ದಿನಕ್ಕೆ ಬದುಕಿರಬೇಕೆಂದೇನೂ ಇಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಹಾಗಿದ್ದೂ ಹಿತ್ತಲಲ್ಲಿ ಕಟ್ಟುವಾಗ ಕೊಟ್ಟುಹೋದ ಮಗಳನ್ನು ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಗೃಹಪ್ರವೇಶಕ್ಕೆ ಕರೆದು ಸೀರೆ ಕೊಟ್ಟರೆ ಮುಗಿಯಿತು. ಮುಂದೊಂದು ದಿನ ಅವಳ ಮಕ್ಕಳು ಕೋರ್ಟಿಗೆ ಹೋದಾಗ, ಕಾಗದ ಇಲ್ಲದ ಆ ಮನೆ ಯಾರ ಪಾಲಿಗೆ ಅಂತ ಹೇಳುವುದು ವಕೀಲರಿಗೂ ಕಷ್ಟ.

ಅನುಮತಿ ಪದ್ಧತಿ ಸರಿಯಾಗಿ ನಡೆದರೆ ಇಲ್ಲಿ ಒಂದು ಒಳ್ಳೆಯದಾಗುತ್ತದೆ. ಜಂಟಿ ಖಾತೆಯಾದರೆ ಪಂಚಾಯ್ತಿ ಎಲ್ಲ ಪಾಲುದಾರರ ಒಪ್ಪಿಗೆ ಪತ್ರ ಕೇಳುತ್ತದೆ, ಕೇಳಬೇಕು. ಆ ನೆಪದಲ್ಲಾದರೂ ಅಕ್ಕನ ಮನೆಗೆ ಹೋಗಿ, "ಹೀಗೆ ಕಟ್ಟುತ್ತಿದ್ದೇವೆ, ನಿನ್ನ ಮಾತೇನು?" ಅಂತ ಕೇಳಬೇಕಾಗುತ್ತದೆ. ಕೆಲವು ಅಕ್ಕಂದಿರು ಖುಷಿಯಿಂದ ಸಹಿ ಹಾಕುತ್ತಾರೆ. ಕೆಲವರು ನನ್ನ ಪಾಲು ಎಲ್ಲಿ ಅಂತ ಕೇಳುತ್ತಾರೆ. ಕೇಳಲಿ. ಪಾಯ ತೆಗೆಯುವ ಮೊದಲು ಕೇಳುವುದು ತಾರಸಿ ಹಾಕಿದ ಮೇಲೆ ಕೇಳುವುದಕ್ಕಿಂತ ಎಲ್ಲರಿಗೂ ಮೇಲು.

ಮೀಟರ್ ಮಾತು

ಕಾಗದ ಇಲ್ಲದೆ ಕಟ್ಟಿದರೆ ಏನು ಮಹಾ ಆಗುತ್ತದೆ ಅಂತ ಕೇಳುವವರಿಗೆ ಕರೆಂಟಿನ ಉದಾಹರಣೆ ಸಾಕು. ಹಿತ್ತಲ ಮನೆಗೆ ಸ್ವಂತ ಆರ್‌ಆರ್ ನಂಬರ್ ಇಲ್ಲ, ಮುಂದಿನ ಮನೆಯಿಂದಲೇ ವೈರ್ ಎಳೆದಿದ್ದಾರೆ. ಎರಡು ಟಿವಿ, ಎರಡು ಮಿಕ್ಸಿ, ಎರಡು ಫ್ರಿಜ್, ಬೇಸಿಗೆಯಲ್ಲಿ ನಾಲ್ಕು ಫ್ಯಾನ್, ಎಲ್ಲ ಒಂದೇ ಮೀಟರಿನಲ್ಲಿ ಓಡುತ್ತವೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬೇರೆ ಮೀಟರ್ ಇದ್ದಿದ್ದರೆ ಎರಡೂ ಮನೆಗೆ ಲಾಭ ಸಿಗುತ್ತಿತ್ತು. ಈಗ ಯಾರ ಫ್ರಿಜ್ಜಿನಿಂದ 200 ದಾಟಿತು ಅಂತ ಅತ್ತಿಗೆ ನಾದಿನಿ ನಡುವೆ ಮಾತು ನಿಲ್ಲುತ್ತದೆ.

ಮೀಟರ್ ಸಿಗುವುದೂ ಮೊದಲಿನಷ್ಟು ಸಲೀಸಿಲ್ಲ. ಕಟ್ಟಡ ಮುಗಿದ ಅಥವಾ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಅಂತ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರ ಮೇಲೆ 2025ರಲ್ಲಿ ನಮ್ಮ ರಾಜ್ಯದ ವಿದ್ಯುತ್ ಕಂಪನಿಗಳು ಪ್ರಮಾಣಪತ್ರ ಕೇಳತೊಡಗಿ, ಕಟ್ಟಿ ಮುಗಿಸಿದ ಎಷ್ಟೋ ಮನೆಗಳು ಕತ್ತಲಲ್ಲಿ ನಿಂತವು. ಸಣ್ಣ ಮನೆಗಳಿಗೆ ಸಡಿಲಿಕೆ ಕೊಡುವ ಕೆಲಸವನ್ನು ರಾಜ್ಯ ಸರ್ಕಾರ ಆಮೇಲೆ ಕೈಗೆತ್ತಿಕೊಂಡಿತು. ಸಡಿಲಿಕೆ ಇವತ್ತು ಬರುತ್ತದೆ, ನಾಳೆ ಹೋಗುತ್ತದೆ. ಅನುಮತಿ ಪತ್ರ ಪೆಟ್ಟಿಗೆಯಲ್ಲಿ ಇದ್ದರೆ ಯಾವ ತೀರ್ಪು ಬಂದರೂ ನಿದ್ದೆ ಕೆಡುವುದಿಲ್ಲ.

ವಸತಿ ಯೋಜನೆಯ ಮಾತೂ ಅಷ್ಟೇ. ಕೇಂದ್ರದ ಆವಾಸ್ ಯೋಜನೆ ಇರಲಿ, ರಾಜ್ಯದ ಬಸವ ವಸತಿ ಇರಲಿ, ಜಾಗದ ದಾಖಲೆ ಕೇಳಿಯೇ ಕೇಳುತ್ತಾರೆ. ದುಡ್ಡು ಪಾಯ, ಲಿಂಟಲ್, ಛಾವಣಿ ಅಂತ ಹಂತ ಹಂತಕ್ಕೆ ಫೋಟೋ ನೋಡಿ ಬರುತ್ತದೆ. ಬ್ಯಾಂಕಿನವರು ಮಂಜೂರಾದ ನಕ್ಷೆ ಇಲ್ಲದೆ ಗೃಹಸಾಲದ ಮಾತೇ ಎತ್ತುವುದಿಲ್ಲ. ಹಾಗಾಗಿ ಕಾಗದ ಇಲ್ಲದ ಮನೆ ಏಳುವುದು ಒಡವೆ ಅಡವಿಟ್ಟು, ಇಲ್ಲವೇ ವಾರದ ಕಂತಿನ ಸಾಲ ಮಾಡಿ. ಮೈಕ್ರೋಫೈನಾನ್ಸ್ ವಸೂಲಿಯ ಕಾಟ ಎಲ್ಲಿಗೆ ಮುಟ್ಟಿತ್ತು ಅಂತ ನಿಮಗೇ ಗೊತ್ತು. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಗೃಹಸಾಲ ಸಿಗುವಂತಿದ್ದರೆ ಅದರಲ್ಲಿ ಎಷ್ಟು ಸಾಲ ಬೇಕೇ ಆಗುತ್ತಿರಲಿಲ್ಲ!

ಹೆಂಗಸರ ಮಟ್ಟಿಗೆ ಇನ್ನೂ ಒಂದಿದೆ. ಬೇರೆ ರೇಷನ್ ಕಾರ್ಡ್ ಆಗಬೇಕಾದರೆ ಬೇರೆ ಒಲೆ, ಬೇರೆ ಮನೆ ಅಂತ ತೋರಿಸಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಇರುವವರಿಗೆ. ಹಿತ್ತಲ ಮನೆಗೆ ನಂಬರ್ ಇಲ್ಲದಿದ್ದರೆ ಸೊಸೆ ಅಡುಗೆ ಬೇರೆ ಮಾಡಿದರೂ ಕಾಗದದಲ್ಲಿ ಅತ್ತೆಯ ಮನೆಯವಳೇ. ಅತ್ತೆ ಸೊಸೆ ಚೆನ್ನಾಗಿದ್ದರೆ ಸರಿ. ಎಲ್ಲ ಮನೆಯಲ್ಲೂ ಹಾಗಿರುವುದಿಲ್ಲವಲ್ಲ.

ಪಿಡಿಓ ಕಡೆಯಿಂದ ನೋಡಿದರೆ

ತಪ್ಪೆಲ್ಲ ಪಂಚಾಯ್ತಿ ತಲೆಗೆ ಕಟ್ಟಿದರೆ ಅನ್ಯಾಯ ಆಗುತ್ತದೆ. ರಾಜ್ಯದಲ್ಲಿ 6,000ದ ಸಮೀಪ ಗ್ರಾಮ ಪಂಚಾಯ್ತಿಗಳಿವೆ. ಕೆಲವು ಕಡೆ ಒಬ್ಬ ಪಿಡಿಓಗೆ ಎರಡು ಪಂಚಾಯ್ತಿಯ ಚಾರ್ಜು. ನರೇಗಾ, ನೀರು, ಕಸ, ತೆರಿಗೆ, ಇ-ಸ್ವತ್ತು, ಮೇಲಿಂದ ಮೇಲೆ ವಿಡಿಯೋ ಮೀಟಿಂಗ್. ಮನೆ ನಕ್ಷೆ ಓದಬಲ್ಲ ಇಂಜಿನಿಯರ್ ಪಂಚಾಯ್ತಿಯಲ್ಲಿ ಕೂತಿರುವುದಿಲ್ಲ. ಅನುಮತಿ ಕೊಟ್ಟರೆ ಪಕ್ಕದ ಮನೆಯವರು ಲೋಕಾಯುಕ್ತಕ್ಕೆ ಬರೆಯುತ್ತಾರೆ, ಕೊಡದಿದ್ದರೆ ಅರ್ಜಿದಾರ ಮೆಂಬರನ್ನು ಕರೆತರುತ್ತಾನೆ. ಏನೂ ಮಾಡದೆ ಕೂರುವುದೇ ಅವರಿಗೆ ಕ್ಷೇಮ ಅಂತ ನಮ್ಮ ವ್ಯವಸ್ಥೆಯೇ ಕಲಿಸಿದೆ.

ಅರ್ಜಿದಾರರ ಕಡೆಗೂ ತೊಡಕಿದೆ. ಎರಡು ಕೋಣೆಯ ಮನೆಗೆ ನಕ್ಷೆ ಬರೆಸಲು ಪಟ್ಟಣಕ್ಕೆ ಹೋಗಬೇಕು. ಅಲ್ಲಿ ಬರೆದುಕೊಡುವ ನಕ್ಷೆ ಒಂದು, ಇಲ್ಲಿ ಮೇಸ್ತ್ರಿ ಕಟ್ಟುವುದು ಇನ್ನೊಂದು. ನಕ್ಷೆಗೆ ಕೊಟ್ಟ ದುಡ್ಡು ದಂಡ.

ಇದೇ ತಲೆನೋವು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇತ್ತು. ಅವರ ಹಿತ್ತಲಿಗೂ ನಮ್ಮದಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ವಯಸ್ಸಾದ ಅಪ್ಪ ಅಮ್ಮನಿಗೋ, ಮದುವೆಯಾದ ಮಗಳಿಗೋ, ಬಾಡಿಗೆಗೋ ಹಿತ್ತಲಲ್ಲಿ ಚಿಕ್ಕ ಮನೆ ಕಟ್ಟುವ ಆಸೆ ಅಲ್ಲಿಯ ಜನಕ್ಕೂ ಇತ್ತು. ಊರೂರಿನ ನಗರಸಭೆಗಳು ಕಾರು ನಿಲ್ಲಿಸಲು ಜಾಗ ಎಲ್ಲಿ, ನೆರೆಯವರು ಏನಂತಾರೆ ಅಂತ ತಡೆಯುತ್ತಿದ್ದವು. ಕೊನೆಗೆ ರಾಜ್ಯವೇ ಕಾನೂನು ತಂದಿತು. 2020ರ ಜನವರಿಯಿಂದ ಅಲ್ಲಿ ನಿಯಮಕ್ಕೆ ಹೊಂದುವ ಅರ್ಜಿಗೆ 60 ದಿನದಲ್ಲಿ ತೀರ್ಮಾನ ಆಗಬೇಕು, ನೆರೆಯವರ ವಿಚಾರಣೆ ಇಲ್ಲ, ನಗರಸಭೆ ಸುಮ್ಮನೆ ಕೂತರೆ ಅನುಮತಿ ಸಿಕ್ಕಿತು ಅಂತಲೇ ಲೆಕ್ಕ. 750 ಚದರ ಅಡಿಗಿಂತ ಚಿಕ್ಕದಾದರೆ ಅಭಿವೃದ್ಧಿ ಶುಲ್ಕ ಇಲ್ಲ. 2025ರಿಂದ ಪ್ರತಿ ಊರಿನ ಆಡಳಿತವೂ ಮೊದಲೇ ಮಂಜೂರು ಮಾಡಿದ ನಕ್ಷೆಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ ಮಾಡಬೇಕು. ಅದರಲ್ಲಿ ಒಂದನ್ನು ಆರಿಸಿಕೊಂಡವರಿಗೆ ತೀರ್ಮಾನ ಇನ್ನೂ ಬೇಗ.

60 ದಿನ ಅಲ್ಲೂ ಇದೆ, ಇಲ್ಲೂ ಇದೆ. ಅಲ್ಲಿ ಆ 60ರ ಹಿಂದೆ ಸಿದ್ಧ ನಕ್ಷೆ ಇದೆ, ಬರೆದಿಟ್ಟ ಅಳತೆ ಇದೆ, ಸುಮ್ಮನಿದ್ದರೆ ಏನಾಗುತ್ತದೆ ಅನ್ನುವ ಭಯ ಇದೆ. ನಮ್ಮಲ್ಲಿ 60 ಬರೀ ಪುಸ್ತಕದಲ್ಲಿದೆ.

ಸಿದ್ಧ ನಕ್ಷೆ ನಮಗೇನು ಹೊಸದಲ್ಲ. ಸರ್ಕಾರಿ ವಸತಿ ಯೋಜನೆಗಳಲ್ಲಿ ಮಾದರಿ ಮನೆ ನಕ್ಷೆಗಳು ಹಿಂದಿನಿಂದಲೂ ಇವೆ. ಅದೇ ರೀತಿ ಹಿತ್ತಲ ಮನೆಗೆ ಮೂರು ನಾಲ್ಕು ನಕ್ಷೆಗಳನ್ನು ಜಿಲ್ಲಾ ಪಂಚಾಯ್ತಿ ಇಂಜಿನಿಯರುಗಳು ಬರೆದು ಪ್ರತಿ ಪಂಚಾಯ್ತಿಗೂ ಕಳಿಸಲಿ. ಮಲೆನಾಡಿಗೆ ಒಂದು, ಬಯಲಿಗೆ ಒಂದು, ಕರಾವಳಿಗೆ ಒಂದು. ಕೊಡಗಿನ ಮಳೆಗೂ ರಾಯಚೂರಿನ ಬಿಸಿಲಿಗೂ ಒಂದೇ ತಾರಸಿ ನಕ್ಷೆ ಕಳಿಸುವ ಜಾಣತನ ಮಾತ್ರ ಬೇಡ. ಅರ್ಜಿದಾರರು ಒಂದನ್ನು ಆರಿಸಿ ಟಿಕ್ ಮಾಡಿದರೆ ಪಿಡಿಓ ನೋಡಬೇಕಾದ್ದು ಜಾಗದ ಕಾಗದ, ಒಪ್ಪಿಗೆ ಪತ್ರ ಮತ್ತು ಗಡಿಯಿಂದ ಬಿಟ್ಟ ಜಾಗ, ಇಷ್ಟೇ. ಇಷ್ಟಕ್ಕೆ 60 ದಿನವೂ ಬೇಕಾಗಿಲ್ಲ.

ಅನುಮತಿ ಸುಲಭ ಮಾಡಿದರೆ ಹಿತ್ತಲೆಲ್ಲ ಮನೆಯಾಗಿ ಊರೇ ಉಸಿರುಗಟ್ಟುತ್ತದೆ ಅಂತ ಕೆಲವು ಹಿರಿಯರು ನಮಗೆ ಹೇಳಿದ್ದುಂಟು. ಮಾತಿನಲ್ಲಿ ಸತ್ಯ ಇದೆ. ಕರಿಬೇವು, ನುಗ್ಗೆ, ಬಾಳೆ, ಕೋಳಿ ಗೂಡು ಎಲ್ಲ ಹೋಗಿ ಸಿಮೆಂಟು ಉಳಿದರೆ ಅದು ನಷ್ಟವೇ. ಆದರೆ ಮನೆಗಳು ಹೇಗಿದ್ದರೂ ಏಳುತ್ತಿವೆ. ಯಾರೂ ನೋಡದೆ ಏಳುತ್ತಿವೆ ಅನ್ನುವುದೇ ಅಪಾಯ. ಹಿತ್ತಲ ಮನೆಗೆ ಹಿತ್ತಲಲ್ಲೇ ಪಾಯಿಖಾನೆ ಗುಂಡಿ ಬೇಕು. ಆ ಗುಂಡಿ ಪಕ್ಕದ ಮನೆಯ ಬಾವಿಗೆ ಹತ್ತು ಅಡಿಯಲ್ಲಿ ಬಂದರೆ ಕೇಳುವವರು ಯಾರು? ಬಾವಿ, ಬೋರ್‌ವೆಲ್‌ನಿಂದ 10 ಮೀಟರಾದರೂ ದೂರ ಇರಲಿ ಅಂತ ಹೇಳಬೇಕಾದವರು ಪಾಯ ತೆಗೆಯುವ ಮೊದಲು ಬಂದು ನೋಡಬೇಕು. ಸೂರಿನ ನೀರು ಪಕ್ಕದವರ ಗೋಡೆಗೆ ಬೀಳುವುದು, ಬೆಂಕಿ ಬಿದ್ದರೆ ಓಣಿಯಲ್ಲಿ ಒಳಹೋಗಲು ಜಾಗ ಇಲ್ಲದಿರುವುದು, ಇವೆಲ್ಲ ಕಟ್ಟಿದ ಮೇಲೆ ಬಗೆಹರಿಯುವ ವಿಷಯಗಳಲ್ಲ. ಅನುಮತಿ ಅನ್ನುವುದು ಇದಕ್ಕಾಗಿಯೇ ಇರುವುದು. ತೆರಿಗೆ ಹಾಕುವ ದಿನ ಮಾತ್ರ ಪಂಚಾಯ್ತಿಗೆ ಹಿತ್ತಲು ಕಂಡರೆ ಏನು ಪ್ರಯೋಜನ?

ಮುಂದಿನ ಗ್ರಾಮಸಭೆಗೆ ಹೋಗುವವರು ಮೂರು ಪ್ರಶ್ನೆ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಕಳೆದ ಒಂದು ವರ್ಷದಲ್ಲಿ ಮನೆ ಕಟ್ಟಲು ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಸ್ವೀಕೃತಿ ಕೊಟ್ಟಿದ್ದೀರಿ, ಎಷ್ಟಕ್ಕೆ 60 ದಿನದೊಳಗೆ ಉತ್ತರ ಕೊಟ್ಟಿದ್ದೀರಿ? ಅರ್ಜಿಯೇ ಬಂದಿಲ್ಲ ಅನ್ನುವ ಉತ್ತರ ಬಂದರೆ, ಸಭೆಯಿಂದ ಎದ್ದು ಊರಿನ ಒಂದು ಸುತ್ತು ಹಾಕಿ, ಹಿತ್ತಲಲ್ಲಿ ಜಲ್ಲಿ ಮರಳು ಬಿದ್ದಿರುವ ಮನೆಗಳನ್ನು ಎಣಿಸಿಕೊಂಡು ಬನ್ನಿ. ಆ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಸಿ.